ಗೇಟಿನ ಬುಡನಸಾಬರ ಎರಡು ಬಾವುಟ

ಅಣ್ಣಿಗೇರಿ ಮುಟ್ಟುವ ಮೊದಲು ರಸ್ತೆಗೆ ರೈಲಿನ ಹಳಿ ಅಡ್ಡ ಬರುವ ಕಡೆ ಒಂದು ಗೇಟು ಇತ್ತು. ಗೇಟಿನ ಬಾಜು ಸುಣ್ಣ ಬಳಿದ ಒಂದು ಕೋಣೆ, ಅದರ ಮುಂದೆ ಬೇವಿನ ಗಿಡ, ಗಿಡದ ನೆರಳಿಗೆ ನೀರಿನ ಗಡಿಗೆ. ಇಪ್ಪತ್ತೆರಡು ವರ್ಷ ಆ ಗೇಟು ಹಾಕಿದವರೂ ತೆಗೆದವರೂ ಬುಡನಸಾಬರು. ಅವರ ಗೇಟು ಹೋದದ್ದು ನನ್ನ ಬಾಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಓದುವವರನ್ನು ಆಟ ಆಡಿಸುವುದು ನನಗೆ ಸೇರುವುದಿಲ್ಲ.

ನಾನು ಈರಬಸಪ್ಪ, ನವಲಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ, ಅಣ್ಣಿಗೇರಿಯಲ್ಲಿದ್ದ ತಾಯಿಯನ್ನು ನೋಡಲು ಬಸ್ಸು ಹತ್ತುತ್ತಿದ್ದೆ. ನನ್ನ ಬಸ್ಸು ಬಂದಾಗಲೇ ಆ ಗೇಟು ಹಾಕಿರಬೇಕು, ಅದು ನನ್ನ ಹಣೆಬರಹ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಬಸ್ಸಿನಿಂದಿಳಿದು ನೇರವಾಗಿ ಅವರ ಮುಂದೆ ಹೋಗಿ ನಿಂತೆ.

"ಏನ್ರಿ ಸಾಬರ, ರೈಲು ಇನ್ನೂ ಹುಬ್ಬಳ್ಳಿ ಬಿಟ್ಟಿಲ್ಲ, ಈಗಿಂದನ ಗೇಟ್ ಹಾಕೀರಲ್ಲ?"

"ಸರ, ನೀವು ಗಂಟಿ ಹೊಡಿಯೂ ಮೊದಲ ಹುಡುಗರನ್ನ ಮನಿಗೆ ಬಿಡ್ತೀರೇನ್ರಿ? ನಂದೂ ಹಂಗರಿ," ಅಂದರು ಬುಡನಸಾಬರು. "ಬರ್ರಿ, ನೀರು ಕುಡೀರಿ. ತಲಿ ತಣ್ಣಗಾಗ್ತೈತಿ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ಅಂದಿನಿಂದ ಗೇಟು ಹಾಕಿದ್ದರೆ ನಾನು ಇಳಿದು, ಅವರ ಗಡಿಗೆಯ ನೀರು ಕುಡಿದು, ನಾಲ್ಕು ಮಾತಾಡಿ ಬರುವುದು ರೂಢಿಯಾಯಿತು.

ಅವರದು ಎಲ್ಲದರಲ್ಲೂ ಒಂದು ಕ್ರಮ. ಕೆಂಪು ಬಾವುಟ ಎಡಗೈಯಲ್ಲಿ ಸುತ್ತಿಟ್ಟದ್ದು, ಹಸಿರು ಬಲಗೈಯಲ್ಲಿ ಬಿಚ್ಚಿ ಹಿಡಿದದ್ದು. ಕೋಣೆಯೊಳಗೂ ಹಾಗೆಯೇ, ಕೆಂಪಿನದು ಬಾಗಿಲ ಕಡೆಯ ಗೂಟಕ್ಕೆ, ಹಸಿರಿನದು ಕಿಟಕಿ ಕಡೆಯ ಗೂಟಕ್ಕೆ. ಒಮ್ಮೆ ಗಾಳಿಗೆ ಬಾವುಟವೊಂದು ಕೆಳಗೆ ಬಿತ್ತು. ನಾನು ಎತ್ತಿ ಕೊಟ್ಟೆ. ಅವರು ಅದನ್ನು ನೋಡಲಿಲ್ಲ. ಕೋಲಿನ ತುದಿಯನ್ನು ಹೆಬ್ಬೆರಳಿಂದ ಸವರಿ ಆಮೇಲೆ ಬಗಲಲ್ಲಿ ಇಟ್ಟುಕೊಂಡರು. ಸಂತೆಯ ದಿನ ಟೊಮೆಟೊ ಬುಟ್ಟಿ ಹೊತ್ತವರು ಬಂದರೆ ಅವರು ಹಣ್ಣನ್ನು ಒತ್ತಿ, ಮೂಸಿ ನೋಡುತ್ತಿದ್ದರು. ನಾನು ಇದನ್ನೆಲ್ಲ ಕಣ್ಣಾರೆ ಕಂಡಿದ್ದೆ. ವಿಜ್ಞಾನದ ಮಾಸ್ತರ ನಾನು. ನನಗೆ ಏನೂ ಹೊಳೆಯಲಿಲ್ಲ.

೧೯೮೪ರಲ್ಲಿ ನನ್ನ ತಂಗಿ ನೀಲಕ್ಕನ ಮದುವೆ ಗೊತ್ತಾಯಿತು. ಉಡುಗೊರೆಗೆ ನವಲಗುಂದದ ಜಮಖಾನ ಕೊಡಬೇಕೆಂದು ನನ್ನ ಆಸೆ, ನವಿಲಿನ ಜೋಡಿ ಇದ್ದದ್ದು. ಬುಡನಸಾಬರ ಕಿವಿಗೆ ಹಾಕಿದೆ.

"ನನ್ನ ಮಗಳು ರೇಷ್ಮಾನ್ನ ನಿಮ್ಮೂರಾಗನ ಕೊಟ್ಟೇನ್ರಿ. ಆಕಿ ಅತ್ತಿ ಶರೀಫಾಬಿ ಅಂದ್ರ ಮಗ್ಗಕ್ಕ ದೊಡ್ಡ ಹೆಸರು. ಅಲ್ಲೇ ಹೋಗ್ರಿ," ಅಂದರು. ಆಮೇಲೆ "ನನ್ನ ಮಗಳು ಹೆಂಗದಾಳ ನೋಡಿಕೊಂಡು ಬರ್ರಿ" ಅಂದರು.

ಆ ನೇಕಾರ ಮನೆಗಳಲ್ಲಿ ಒಂದು ಕಟ್ಟುನಿಟ್ಟು ಉಂಟು. ಮಗ್ಗದ ಕೆಲಸವನ್ನು ಹೆಂಗಸರೇ ಮಾಡುವುದು, ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಅದನ್ನು ಕಲಿಸುವುದಿಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗುವವಳು, ವಿದ್ಯೆಯೂ ಅವಳ ಸಂಗಡ ಹೋಗಿಬಿಟ್ಟೀತೆಂಬ ಅಂಜಿಕೆ. ಕಲಿಸುವುದು ಸೊಸೆಗೆ. ಹಾಗಾಗಿ ಶರೀಫಾಬಿ ತನ್ನ ಮೂವರು ಹೆಣ್ಣುಮಕ್ಕಳನ್ನು ಮಗ್ಗದ ಹತ್ತಿರ ಬಿಟ್ಟುಕೊಳ್ಳದೆ, ಹೊರಗಿನಿಂದ ಬಂದ ರೇಷ್ಮಾಬಿಯನ್ನು ಹಲಗೆಯ ಮೇಲೆ ತನ್ನ ಪಕ್ಕಕ್ಕೆ ಕೂಡಿಸಿಕೊಂಡು ಐದು ವರ್ಷ ಕಲಿಸಿದ್ದಳು. ಗೋಡೆಗೆ ನಿಲ್ಲಿಸಿದ ಎತ್ತರದ ಮಗ್ಗ. ಬೆರಳಲ್ಲಿ ಎಳೆ ಸೇರಿಸುವುದು, ಪಂಜ ಎಂಬ ಕಬ್ಬಿಣದ ಬಾಚಣಿಗೆಯಿಂದ ಅದನ್ನು ಬಡಿದು ಕೂಡಿಸುವುದು. ಗೋಡೆಯಲ್ಲಿ ಸಾಲಾಗಿ ಆರು ಗೂಡು, ಗೂಡಿಗೊಂದು ಬಣ್ಣದ ನೂಲಿನ ಉಂಡೆ. ರೇಷ್ಮಾಬಿ ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ಬೇಕಾದ ಉಂಡೆ ತೆಗೆಯುತ್ತಿದ್ದಳು. ಎಂಥ ಕೈ ಪಳಗಿದೆ ಎಂದು ನಾನು ಹೊಗಳಿದೆ. ಅವಳು ತಲೆ ಮೇಲಿನ ಸೆರಗು ಮುಂದಕ್ಕೆಳೆದುಕೊಂಡಳು. ಎರಡು ವರ್ಷದ ಅವಳ ಮಗ ಮಗ್ಗದ ಬುಡದಲ್ಲಿ ಕೂತು ನೂಲಿನ ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಆ ಬೇಸಿಗೆಯಲ್ಲಿ ನನಗೆ ಧಾರವಾಡದಲ್ಲಿ ಹದಿನೈದು ದಿನ ತರಬೇತಿ ಆಯಿತು. ಅನುವಂಶೀಯತೆಯ ಪಾಠವನ್ನು ಹೇಗೆ ಕಲಿಸಬೇಕೆಂದು ಕಲಿಸಿದರು. ವಂಶವಾಹಿ, ಆಲೀಲು, ವರ್ಣತಂತು, ಉತ್ಪರಿವರ್ತನೆ. ಆ ಶಬ್ದಗಳು ನನ್ನ ತಲೆಗೆ ಏರಿಬಿಟ್ಟವು. ಊರಿಗೆ ಬಂದ ಮೇಲೆ ಯಾರ ಮೂಗು ನೋಡಿದರೂ ಅವರಪ್ಪನ ಮೂಗು ನೆನೆಯುವುದು, ಯಾರ ಗುಂಗುರು ಕೂದಲು ಕಂಡರೂ ಅವರ ಅಜ್ಜಿಯನ್ನು ವಿಚಾರಿಸುವುದು. ನನ್ನ ಹೆಂಡತಿಗಂತೂ ಸಾಕುಸಾಕಾಗಿ ಹೋಯಿತು.

ಜೂನ್ ತಿಂಗಳು, ಮದುವೆಗೆ ಹದಿನೈದು ದಿನ ಇರುವಾಗ, ಜಮಖಾನ ಎಲ್ಲಿಗೆ ಬಂತು ನೋಡೋಣವೆಂದು ಹೋದೆ. ಓಣಿಯ ತುದಿಗೇ ಶರೀಫಾಬಿಯ ದನಿ ಕೇಳಿಸಿತು. ರೇಷ್ಮಾಬಿ ಮಗ್ಗದ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಪಂಜ ಹಾಗೆಯೇ ಇತ್ತು. ಅವಳ ಗಂಡ ಅಬ್ದುಲ್‌ಸಾಬ, ಹತ್ತಿಯ ಮಿಲ್ಲಿನಲ್ಲಿ ಕೆಲಸ ಮಾಡುವವನು, ಹೊಸ್ತಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಬರ್ರಿ ಮಾಸ್ತರ, ನಿಮ್ಮ ಜಮಖಾನಿ ನೋಡ್ರಿ. ನೋಡಿ ನೀವ ಹೇಳ್ರಿ," ಅಂದಳು ಶರೀಫಾಬಿ.

ನೋಡಿದೆ. ಕೆಳಗಿನ ಅರ್ಧ ಕೆಂಪು ನೆಲ, ಅದರ ಮೇಲೆ ಹಸಿರು ನವಿಲು. ಅಲ್ಲಿಂದ ಮೇಲಕ್ಕೆ ಒಂದೂವರೆ ಗೇಣು ನೆಲವೇ ಹಸಿರಾಗಿತ್ತು, ನವಿಲಿನ ಕೊರಳು ಕೆಂಪಾಗಿತ್ತು. ಎಳೆ ಮಾತ್ರ ಎಲ್ಲೂ ತಪ್ಪಿರಲಿಲ್ಲ, ಕೆಲಸ ಅಗದಿ ಚೊಕ್ಕ.

ಆದದ್ದಿಷ್ಟು. ರಮಜಾನಿಗೆ ಮುಂಚೆ ಮನೆಗೆ ಸುಣ್ಣ ಹಚ್ಚಿಸಿದ್ದರು. ಗೂಡುಗಳಲ್ಲಿದ್ದ ಉಂಡೆಗಳನ್ನು ತೆಗೆದು, ಆಮೇಲೆ ಯಾರೋ ಕೆಂಪು ಹಸಿರನ್ನು ಅದಲುಬದಲಾಗಿ ತಿರುಗಿ ಇಟ್ಟಿದ್ದರು. ಮರುದಿನವೇ ಶರೀಫಾಬಿಯ ಅಣ್ಣ ತೀರಿಕೊಂಡ ಸುದ್ದಿ ಬಂದು ಅವಳು ಶಲವಡಿಗೆ ಹೋದಳು. ನಾಲ್ಕು ದಿನ ರೇಷ್ಮಾಬಿ ಒಬ್ಬಳೇ ನೇಯ್ದಿದ್ದಳು. ತಿರುಗಿ ಬಂದು ನೋಡಿದರೆ ಹೀಗೆ.

"ಹಬ್ಬಕ್ಕ ಅಪ್ಪನ ಮನಿಗೆ ಹೋಗ್ತೇನಂದ್ಲು. ಕೆಲಸ ಮುಗೀಲಿ, ಆಮ್ಯಾಲ ಹೋಗು ಅಂದೆ. ಅದರ ಸೇಡು ಇದು! ಹಾಡಹಗಲ ಕೆಂಪಿಗೂ ಹಸಿರಿಗೂ ಫರಕ್ ಕಾಣದಂಗ ಕಣ್ಣು ಹೋಗ್ಯಾವೇನು ಈಕಿಗೆ? ನನ್ನ ಹೆಣ್ಣುಮಕ್ಕಳಿಗೆ ಕಲಿಸದ್ದು ಈಕಿಗೆ ಕಲಿಸಿದೆ. ಸಾಕು. ಅಪ್ಪನ ಮನಿಗೇ ಹೋಗಲಿ, ಅಲ್ಲೇ ಇರಲಿ. ಕೂಸು ಇಲ್ಲಿರತೈತಿ."

ರೇಷ್ಮಾಬಿ ಬೇಕಂತಲೇ ಮಾಡಿದೆ ಅನ್ನಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಮಗುವಿನ ಮಾತು ಬಂದಾಗ ಮಾತ್ರ ಪಂಜವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಆ ದೀಪಕ್ಕೆ ಬೆಂಕಿ ಬೀಳಲಿ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ.

ನೆಲದ ಮೇಲಿದ್ದ ನೂಲಿನ ತುಂಡುಗಳನ್ನು ಒಟ್ಟು ಮಾಡಿ, ಕಲಸಿ, ಬಣ್ಣ ಬಣ್ಣ ಬೇರೆ ಮಾಡು ಎಂದು ಅವಳ ಮುಂದೆ ಹಾಕಿದೆ. ಅವಳು ಒಲ್ಲೆ ಎಂದು ತಲೆ ಅಲ್ಲಾಡಿಸಿದಳು. ಅಬ್ದುಲ್‌ಸಾಬ, "ಮಾಡು, ಮಾಸ್ತರ ಹೇಳ್ತಾರ" ಅಂದ. ಹಳದಿ, ನೀಲಿ, ಕಪ್ಪು, ಬಿಳಿ ತಟ್ಟನೆ ಬೇರೆಯಾದವು. ಕೆಂಪು ಮತ್ತು ಹಸಿರು ಒಂದೇ ಗುಂಪಿಗೆ ಬಿದ್ದವು. ಅವಳ ಬೆರಳು ಆ ಗುಂಪಿನ ಮೇಲೆ ಅತ್ತ ಇತ್ತ ಆಡಿ ಸುಮ್ಮನಾಯಿತು.

"ನೋಡಿದಿರಾ!" ಎಂದು ನಾನು ಕೂಗಿಯೇಬಿಟ್ಟೆ. ಬಳಿಕ ಎರಡು ಎಳೆ ಹಿಡಿದುಕೊಂಡು ಪಾಠಕ್ಕೆ ನಿಂತೆ. "ಶರೀಫಾಬಿ, ನಮ್ಮ ಮೈಯಾಗ ಕಣ್ಣಿಗೆ ಕಾಣದಂಥ ಎಳಿ ಅದಾವ, ಇಪ್ಪತ್ಮೂರು ಜೋಡಿ. ಅವಕ್ಕ ವರ್ಣತಂತು ಅಂತಾರ. ಆ ಎಳಿ ಮ್ಯಾಲ ಮಣಿ ಪೋಣಿಸಿದಂಗ ವಂಶವಾಹಿ ಇರ್ತಾವ. ಕಣ್ಣಿನ ಬಣ್ಣ, ಮೂಗಿನ ಉದ್ದ, ಎಲ್ಲಾ ಅದರಾಗ. ಒಂದೊಂದು ವಂಶವಾಹಿಗೆ ಒಂದಕ್ಕಿಂತ ಹೆಚ್ಚು ರೂಪ ಇರಬಹುದು, ಸರಿ ಇದ್ದದ್ದು, ಕೆಟ್ಟದ್ದು. ಅವು ಆಲೀಲು. ಕೆಂಪು ಹಸಿರು ಗುರುತಿಸೂ ವಂಶವಾಹಿ ಎಕ್ಸ್ ಅನ್ನೂ ಎಳಿ ಮ್ಯಾಲ ಐತಿ. ಗಂಡಸಿಗೆ ಆ ಎಳಿ ಒಂದ. ಅದು ಕೆಟ್ಟಿದ್ರ ಮುಗೀತು, ಬಣ್ಣ ಕಾಣಂಗಿಲ್ಲ. ಹೆಂಗಸಿಗೆ ಎರಡು, ತಾಯಿಯಿಂದ ಒಂದು, ತಂದಿಯಿಂದ ಒಂದು. ಒಂದು ಕೆಟ್ಟರ ಇನ್ನೊಂದು ಸಂಭಾಳಿಸ್ತೈತಿ. ಎರಡೂ ಕೆಟ್ಟರ ಮಾತ್ರ ಹಿಂಗ ಆಗ್ತೈತಿ. ಇದು ಹುಟ್ಟಿನಿಂದ ಬಂದದ್ದು, ಸೇಡು ಅಲ್ಲ!"

"ಹಂಗಾರ ಈಕಿಗೆ ಎರಡೂ ಕಡಿಯಿಂದ ಬಂದೈತಿ ಅಂತೀರೇನು?" ಅಂದಳು ಶರೀಫಾಬಿ. ಜಾಣೆ ಅವಳು, ನನ್ನ ಹುಡುಗರಿಗಿಂತ ಬೇಗ ಹಿಡಿದಳು. "ಇವರಪ್ಪ ಸೋದರಮಾವನ ಮಗಳನ್ನ ಮದುವಿ ಆಗ್ಯಾನ. ಆ ಮಾವನೂ ಬಣ್ಣದ ಬಟ್ಟಿ ತರೂದು ಅಂದ್ರ ಹೆಂಡ್ತೀನ್ನ ಕರಕೊಂಡ ಹೋಗ್ತಿದ್ದ."

"ಅದ! ಒಂದ ಎಳಿ, ಎರಡು ದಾರಿಯಿಂದ ಬಂದೈತಿ," ಎಂದೆ ನಾನು. ಕುಣಿಯುವುದೊಂದು ಬಾಕಿ. "ಹೆಣ್ಣಮಗಳಿಗೆ ಹಿಂಗಾಗೈತಿ ಅಂದ್ರ ಆಕಿ ಅಪ್ಪಗೂ ಹಂಗ ಇರಬೇಕು. ಬುಡನಸಾಬರಿಗೂ ಕೆಂಪು ಹಸಿರು ಗೊತ್ತಾಗಂಗಿಲ್ಲ. ನೂರಕ್ಕ ನೂರು!"

ರೇಷ್ಮಾಬಿಯ ಕೈಯಿಂದ ಪಂಜ ಕಲ್ಲು ಹಾಸಿನ ಮೇಲೆ ಬಿತ್ತು. ನಾನು ಅವಳ ಮುಖ ನೋಡಿದೆ. ಬದುಕಿಕೊಂಡವಳ ಮುಖ ಅದಾಗಿರಲಿಲ್ಲ. ಖುಷಿಗೆ ಹೀಗೆ ಆಗಿರಬೇಕು ಅಂದುಕೊಂಡೆ. ಶರೀಫಾಬಿ ಆ ನೂಲಿನ ಗುಂಪನ್ನು ಬಹಳ ಹೊತ್ತು ನೋಡಿದಳು. ಕಡೆಗೆ ಸೊಸೆಯ ಹತ್ತಿರ ಹೋಗಿ, "ಐದು ವರ್ಷ ನನ್ನ ಬಾಜು ಕುಂತಿದ್ದಿ. ಒಂದು ದಿನ ಹೇಳಬಾರದಾಗಿತ್ತೇನ ಬೇ?" ಅಂದಳು. ಕಳಿಸುವ ಮಾತು ಅಲ್ಲಿಗೆ ನಿಂತಿತು.

ನಾನು ಅಲ್ಲಿಗೆ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಮರುದಿನ ಹತ್ತನೇ ಇಯತ್ತೆಯಲ್ಲಿ ಕರಿಹಲಗೆಯ ತುಂಬ ವಂಶವೃಕ್ಷ ಬರೆದೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಬಣ್ಣ ಕಾಣದವರಿಗೆ ಕಪ್ಪು ತುಂಬಿದ್ದು. ಹೆಸರು ಹಾಕದೆ ಬಿಡಬಹುದಾಗಿತ್ತು. ಪುಸ್ತಕದ ಉದಾಹರಣೆ ಬೇಡ, ನಮ್ಮ ಸೀಮೆಯ ಉದಾಹರಣೆ ಕೊಡಬೇಕೆಂದು ತರಬೇತಿಯಲ್ಲಿ ಹೇಳಿದ್ದರಲ್ಲ! 'ಬುಡನಸಾಬ, ಅಣ್ಣಿಗೇರಿ ಗೇಟು' ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಬರೆಯುವಾಗ ಕೂಡ ಆ ಮನುಷ್ಯನ ಕೈಯಲ್ಲಿ ಇರುವುದು ಏನು ಎಂದು ನನಗೆ ನೆನಪಾಗಲಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಪಾಠದ ಅಮಲು ಏರಿದ ಮಾಸ್ತರನಿಗೆ ಕರಿಹಲಗೆಯ ಆಚೆ ಪ್ರಪಂಚ ಇರುವುದಿಲ್ಲ.

ಮುಂದಿನ ವಾರ, ಶುಕ್ರವಾರ ಶಾಲೆ ಬಿಟ್ಟು ನಾನು ಮನೆಗೆ ಬಂದ ಹೊತ್ತಿಗೆ, ರೇಷ್ಮಾಬಿ ಮಗನನ್ನು ಸೊಂಟದ ಮೇಲೆ ಕೂಡಿಸಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದಳು. ಅವಳು ನನ್ನೊಂದಿಗೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ನೀವು ಸಾಲ್ಯಾಗ ಹೇಳಿದ್ದು ಸ್ಟೇಶನ್ನಿನ ತನಕ ಹೋಗೈತ್ರಿ. ಸೋಮವಾರ ರೈಲ್ವೆ ಸಾಹೇಬರು ವಿಚಾರಿಸಾಕ ಬರ್ತಾರಂತ. ಮೊದಲ ನಿಮ್ಮ ಕಡೆ ಬಂದು ಕೇಳ್ತಾರಂತ." ಉಸಿರು ತೆಗೆದುಕೊಂಡಳು. "ನಾನು ಸಣ್ಣಾಕಿ ಇದ್ದಾಗಿಂದ ಇದು ನನಗೂ ನಮ್ಮಪ್ಪಗೂ ಇಬ್ಬರಿಗೇ ಗೊತ್ರಿ. ಮನ್ಯಾಗ ಉಳಿದವರಿಗೆ ಕಾಣೂದು ನಮ್ಮಿಬ್ಬರಿಗೆ ಕಾಣತಿದ್ದಿಲ್ಲ. ಯಾರ ಮುಂದೂ ಹೇಳಬ್ಯಾಡ, ನನ್ನ ಅನ್ನ ಹೋಗ್ತೈತಿ ಅಂದಿದ್ದ. ಅತ್ತಿ ಹೊರಗ ಹಾಕತೇನಂದ್ರೂ ನಾನು ಬಾಯಿ ಬಿಡಲಿಲ್ಲ. ಕೂಸು ಇಲ್ಲೇ ಇರತೈತಿ ಅಂದಾಗೂ ಬಿಡಲಿಲ್ಲ. ನೀವು ಬಂದು ನನ್ನ ಉಳಿಸಿದ್ರಿ. ನಿಮ್ಮನ್ನ ಯಾರು ಕರದಿದ್ರು?"

ಎಡಗೈಯ ಬಾವುಟ, ಕೋಲಿನ ತುದಿ ಸವರಿದ ಹೆಬ್ಬೆರಳು, ಟೊಮೆಟೊ, ಎಲ್ಲ ಒಂದರ ಹಿಂದೆ ಒಂದು ನನ್ನ ಕಣ್ಣ ಮುಂದೆ ಬಂದು ನಿಂತವು.

"ನಿಮ್ಮ ಪುಸ್ತಕದಾಗ ಬ್ಯಾರೆ ದಾರಿ ಇಲ್ಲೇನ್ರಿ?" ಅಂದಳು. "ಅಪ್ಪಗ ಇಲ್ಲದ ಮಗಳಿಗೆ ಬರಾಕ ಒಂದೂ ದಾರಿ ಇಲ್ಲೇನ್ರಿ?"

ಇತ್ತು. ಉತ್ಪರಿವರ್ತನೆ. ತಂದೆಯಲ್ಲಿ ಸರಿಯಾಗಿಯೇ ಇದ್ದ ವಂಶವಾಹಿ, ಮಗಳಿಗೆ ದಾಟುವ ಹೊತ್ತಿಗೆ ತಾನಾಗಿ ಬದಲಾಗಿ ಹೊಸ ರೂಪ ತಾಳುವುದು. ಅದು ಲಕ್ಷಕ್ಕೊಂದೋ, ಅದಕ್ಕೂ ಅಪರೂಪವೋ. ಆದರೆ ಆಗುವುದೇ ಇಲ್ಲ ಎನ್ನಲು ಬರುವುದಿಲ್ಲ. ನನ್ನ 'ನೂರಕ್ಕೆ ನೂರು' ಸುಳ್ಳು ಎಂದು ಆ ಸಾಹೇಬರ ಮುಂದೆ ಹೇಳಿದರೆ, ಮಾಸ್ತರ ಬಾಯಿಬಡುಕ ಎಂದು ನಕ್ಕು ಅವರು ವಿಚಾರಣೆ ಮುಗಿಸಬಹುದು.

"ಹೇಳ್ತೇನಿ," ಅಂದೆ. "ನಾನು ತಪ್ಪಿದೆ ಅಂತ ಹೇಳ್ತೇನಿ."

ಅವಳು ಹೊರಟವಳು ತಿರುಗಿ ನಿಂತಳು. "ಇಂವಗ?" ಎಂದು ಸೊಂಟದ ಮೇಲಿನ ಮಗುವನ್ನು ತೋರಿಸಿದಳು.

ತಾಯಿಯ ಎರಡೂ ಎಳೆ ಕೆಟ್ಟಿದ್ದರೆ ಗಂಡುಮಗನಿಗೆ ಬೇರೆ ಎಳೆ ಎಲ್ಲಿಂದ ಬರಬೇಕು? ನನಗೆ ಗೊತ್ತಿತ್ತು. "ನೋಡೋಣಂತ, ಇನ್ನೂ ಸಣ್ಣಾಂವ" ಅಂದೆ.

ಮರುದಿನ ಶನಿವಾರ. ಬಸ್ಸಿಗೆ ಗೇಟು ಹಾಕಿತ್ತು. ಇಳಿದು ಹೋಗಿ, ಸೋಮವಾರ ನಾನು ಏನು ಹೇಳುವವನಿದ್ದೇನೆ ಎಂದು ಬುಡನಸಾಬರಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಕ್ಷಮಿಸಿ ಎಂದೂ ಅಂದೆ. ಅವರು ನನ್ನನ್ನು ಬೈಯಲಿಲ್ಲ. ಗಡಿಗೆಯಿಂದ ನೀರು ತೆಗೆದು ಕೊಟ್ಟರು. ಆಮೇಲೆ ಕೆಂಪು ಬಾವುಟದ ಕೋಲು ನನ್ನ ಕೈಗಿಟ್ಟರು. ತುದಿಯಲ್ಲಿ ಚಾಕುವಿನಿಂದ ಕೊರೆದ ಒಂದು ಗೆರೆ ಇತ್ತು. ಹಸಿರಿನದಕ್ಕೆ ಇರಲಿಲ್ಲ.

"ಇದೊಂದು ಗೆರಿ ಮ್ಯಾಲ ಇಪ್ಪತ್ತೆರಡು ವರ್ಷ ನಡಸೇನ್ರಿ. ಕಂದೀಲಿಗೂ ಒಂದು ಗುರುತ ಮಾಡೇನಿ. ಕಣ್ಣು ತಪಾಸು ಮಾಡಾಕ ಡಾಕ್ಟರ ತೋರಸೂ ಚುಕ್ಕಿ ಪುಸ್ತಕ ಪೂರಾ ಬಾಯಿಪಾಠ. ಯಾವ ಪುಟದಾಗ ಯಾವ ಅಂಕಿ, ಮಗ್ಗಿ ಹೇಳಿದಂಗ ಹೇಳ್ತೇನಿ. ಒಂದು ದಿನ ತಪ್ಪಿಲ್ರಿ."

"ಹಂಗಾರ ಮತ್ಯಾಕ ಅಂಜ್ತೀರಿ? ನಾನು ಹೇಳ್ತೇನಲ್ಲ."

ಬುಡನಸಾಬರು ತಮ್ಮ ಕೋಣೆಯ ಗೋಡೆಯ ಕಡೆ ನೋಡಿದರು. "ನನ್ನ ಮಗಳೂ ಐದು ವರ್ಷ ತಪ್ಪಿರಲಿಲ್ರಿ. ಗ್ವಾಡಿಗೆ ಸುಣ್ಣ ಹಚ್ಚಿದ ಮರುದಿನ ತಪ್ಪಿದ್ಲು. ಆಕಿ ತಪ್ಪಿದ್ರ ಒಂದು ನವಲಿನ ಕೊಳ್ಳು ಕೆಂಪಾತು." ಒಂದು ಗುಟುಕು ನೀರು ಕುಡಿದರು. "ಈ ಗ್ವಾಡಿಗೂ ವರ್ಷಾ ಸುಣ್ಣ ಹಚ್ಚತಾರ್ರಿ, ಸರ. ಆ ಸುದ್ದಿ ಕೇಳಿದಾಗಿಂದ ನನಗ ನಿದ್ದಿ ಇಲ್ಲ."

ಅಷ್ಟರಲ್ಲಿ ರೈಲಿನ ಸಪ್ಪಳ ಕೇಳಿತು. ಅವರು ಎದ್ದು ಹಳಿಯ ಬಾಜು ಹೋಗಿ ನಿಂತು ಬಲಗೈಯ ಬಾವುಟ ಬಿಚ್ಚಿದರು. ಎಷ್ಟೋ ವರ್ಷ ಆ ನೋಟ ನೋಡಿದ್ದೆ, ಅಂದು ಮಾತ್ರ ನನ್ನ ಕಣ್ಣು ಬಾವುಟದ ಮೇಲೆಯೇ ನೆಟ್ಟಿತ್ತು. ಹಸಿರೇ ಇತ್ತು. ಆದರೂ ಕೊನೆಯ ಡಬ್ಬಿ ದಾಟುವವರೆಗೆ ಮತ್ತೆ ಮತ್ತೆ ನೋಡಿ ಖಾತ್ರಿ ಮಾಡಿಕೊಂಡೆ. ಬುಡನಸಾಬರು ಬೆವೆತಿದ್ದರು. ಗೇಟು ತೆಗೆದು ನನ್ನ ಬಸ್ಸನ್ನು ಬಿಟ್ಟರು.

"ನೀವು ಸುಳ್ಳು ಹೇಳಬ್ಯಾಡ್ರಿ," ಎಂದು ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಅಂದರು. "ನಾನ ಹೇಳ್ತೇನಿ."

ಹೇಳಿದರು. ಸೋಮವಾರಕ್ಕೆ ಕಾಯದೆ ಅಂದು ಸಂಜೆಯೇ ಹೋಗಿ ಎರಡೂ ಬಾವುಟ ಸ್ಟೇಶನ್ ಮಾಸ್ತರರ ಮೇಜಿನ ಮೇಲೆ ಇಟ್ಟರಂತೆ. ಅವರನ್ನು ಗೇಟಿನಿಂದ ತೆಗೆದು ದೂರದ ಒಂದು ಉಗ್ರಾಣಕ್ಕೆ ಹಾಕಿದರು. ಮೂಟೆ ಎಣಿಸುವುದು, ಕಸ ಗುಡಿಸುವುದು. ಎರಡು ವರ್ಷ ಒಬ್ಬರೇ ಅಲ್ಲಿ ಅಡಿಗೆ ಮಾಡಿಕೊಂಡಿದ್ದರು. ಅವರ ಹೆಂಡತಿ ಬೇವಿನ ಗಿಡದ ಮನೆ ಬಿಟ್ಟು ಮಗನ ಮನೆ ಸೇರಿದಳು. ಗೇಟಿಗೆ ಬೇರೆಯವರು ಬಂದರು. ನಾನು ಆಮೇಲೆ ಅಲ್ಲಿ ಬಸ್ಸಿನಿಂದ ಇಳಿಯಲಿಲ್ಲ.

ಶರೀಫಾಬಿ ಸೊಸೆಗೆ ಉಪಾಯ ಮಾಡಿಕೊಟ್ಟಳು. ಕೆಂಪು ಉಂಡೆಯ ತುದಿಗೆ ಒಂದು ಗಂಟು, ಹಸಿರಿಗೆ ಎರಡು. ಆ ಜಮಖಾನವನ್ನು ಬಿಚ್ಚಬೇಡಿ, ಇದ್ದ ಹಾಗೆ ನಾನೇ ಒಯ್ಯುತ್ತೇನೆ ಎಂದೆ. ನೀಲಕ್ಕನಿಗೆ ಬೇರೆ ಉಡುಗೊರೆ ಕೊಟ್ಟೆ. ಅರ್ಧ ಕೆಂಪು, ಅರ್ಧ ಹಸಿರಿನ ಅದು ಈಗಲೂ ನಮ್ಮ ಪಡಸಾಲೆಯಲ್ಲಿದೆ. ಬಂದವರು ಕಾರಣ ಕೇಳಿದರೆ ನನ್ನ ಹೆಂಡತಿ ನನ್ನ ಮುಖ ನೋಡುತ್ತಾಳೆ. ರೇಷ್ಮಾಬಿ ಮಾತ್ರ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ಓಣಿಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಗೋಡೆಯ ಬದಿಗೆ ಸರಿಯುತ್ತಿದ್ದಳು. ಅದು ಮರ್ಯಾದೆಗೆ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

೧೯೮೯ರಲ್ಲಿ ಇರಬೇಕು, ಆ ಓಣಿಯಲ್ಲಿ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಬುಡನಸಾಬರು ಕೂತಿದ್ದರು, ನಿವೃತ್ತಿಯಾಗಿ ಮಗಳನ್ನು ನೋಡಲು ಬಂದಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮುಂದೆ ಏಳು ವರ್ಷದ ಮೊಮ್ಮಗ, ನಡುವೆ ಎರಡು ನೂಲಿನ ಉಂಡೆ. ನನ್ನನ್ನು ಅವರು ಇನ್ನೂ ನೋಡಿರಲಿಲ್ಲ.

"ಇದು ಯಾವ ಬಣ್ಣ?"

ಹುಡುಗ ತುದಿಯ ಗಂಟನ್ನು ಬೆರಳಿಂದ ಸವರಿ, "ಕೆಂಪು!" ಅಂದ.

ಬುಡನಸಾಬರು ಉಂಡೆ ಕಸಿದುಕೊಂಡರು. ತುದಿಯ ಗಂಟನ್ನು ಹಲ್ಲಿನಿಂದ ಕಚ್ಚಿ ತೆಗೆದು ತಿರುಗಿ ಕೊಟ್ಟರು. "ಈಗ ಹೇಳು. ಕಾಣತೈತೋ ಇಲ್ಲೋ?"

ಹುಡುಗ ತಲೆ ತಗ್ಗಿಸಿದ. ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇಲ್ಲ" ಎಂದು ಸಣ್ಣ ದನಿಯಲ್ಲಿ ಅಂದ.

"ಜೋರಾಗಿ ಹೇಳು. ಸಾಲ್ಯಾಗ ಕೇಳಿದ್ರೂ ಹಿಂಗ ಹೇಳಬೇಕು, ನೌಕರಿ ಕೊಡಾವರು ಕೇಳಿದ್ರೂ ಹಿಂಗ ಹೇಳಬೇಕು. ಬಾಯಿಪಾಠ ಮಾಡಬಾರದು, ಗುರುತ ಹಾಕಿ ಮುಚ್ಚಿಡಬಾರದು. ಹೇಳು."

"ನನಗ ಕಾಣಂಗಿಲ್ರಿ!" ಎಂದು ಹುಡುಗ ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

ಒಳಗೆ ಪಂಜದ ಸಪ್ಪಳ ನಿಂತಿತು. ರೇಷ್ಮಾಬಿ ಬಾಗಿಲಿಗೆ ಬಂದಳು. ಮಗನನ್ನು ನೋಡಿದಳು, ಓಣಿಯಲ್ಲಿ ನಿಂತಿದ್ದ ನನ್ನನ್ನೂ ನೋಡಿದಳು, ಒಳಗೆ ಹೋದಳು. ಸಪ್ಪಳ ಮತ್ತೆ ಸುರುವಾಯಿತು. ಆಗ ಬುಡನಸಾಬರು ನನ್ನ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಬರ್ರಿ ಸರ, ಕೂಡ್ರಿ," ಅಂದರು. "ಇಪ್ಪತ್ತೆರಡು ವರ್ಷ ಇದೊಂದು ಮಾತು ನನ್ನ ಬಾಯಾಗ ಬರಲಿಲ್ರಿ."